ಹಳೇ ಬಟ್ಟೆಯ ಗಂಟು ಹೊತ್ತು ವಿಲಾಯತಿಗೆ

ರಜೆಗೆ ಹರಿಹರದಿಂದ ನೀಲಾ ಬಂದಾಗಲೆಲ್ಲ ನೀವಿಬ್ಬರು ಹುಡುಗರು ಅವಳನ್ನು "ವಿಲಾಯತಿ ದೊರೆಸಾನಿ, ನಿಮ್ಮೂರಿಗೆ ಹೋಗು" ಎಂದು ಅಳಿಸುತ್ತೀರಿ. ಮೊನ್ನೆ ಅವಳು ಕಣ್ಣೊರೆಸಿಕೊಳ್ಳುತ್ತ ಬಂದು, "ಅಜ್ಜಿ, ನಮ್ಮೂರು ಯಾವ್ದು?" ಎಂದು ಕೇಳಿದಳು. ನನಗೆ ಬಾಯಲ್ಲಿ ಹೇಳಲು ಬರುವುದಿಲ್ಲ. ನಾಲ್ಕು ಜನ ಕೂತಲ್ಲಿ ನಾನು ಎದ್ದು ಒಳಗೆ ಹೋಗುವವಳು. ತವರೂರು ಲೋಕಿಕೆರೆಯ ಶಾಲೆಯಲ್ಲಿ ಕಲಿತ ಅಕ್ಷರ ಇನ್ನೂ ಕೈಯಲ್ಲಿದೆ. ಅದಕ್ಕೇ ಬರೆಯುತ್ತಿದ್ದೇನೆ. ಮೂವರೂ ಓದಿ. ಓದುವಾಗ ಜಗಳಾಡಬೇಡಿ.

ಹರಿಹರದ ಸೇತುವೆ

ನಿಮ್ಮ ಅಜ್ಜ ದಾವಣಗೆರೆಯ ಬಟ್ಟೆ ಮಿಲ್ಲಿನಲ್ಲಿ ನೇಯ್ಗೆಯವರಾಗಿದ್ದರು. ಅವರು ತೀರಿಕೊಂಡ ಮೇಲೆ, ಹುಡುಗರಾ, ನಿಮ್ಮಪ್ಪ ಬಸವರಾಜ ಅದೇ ಮಿಲ್ಲಿಗೆ ಸೇರಿದ. ಮಗಳು ಗಿರಿಜಾಳನ್ನು ಹರಿಹರದ ಕಡೆ ಕೊಟ್ಟೆವು. ಅಳಿಯಂದಿರು ಯಂತ್ರ ಬಿಚ್ಚಿ ಜೋಡಿಸುವುದರಲ್ಲಿ ಕೈ ಪಳಗಿದವರು. ನಮ್ಮ ಮಿಲ್ಲಿನ ಸಾಹುಕಾರರು ಅವರನ್ನು ಒಂದು ವರ್ಷದ ಕೆಲಸಕ್ಕೆಂದು ವಿಲಾಯತಿಗೆ ಕಳಿಸಿದರು. ಗಿರಿಜಾಳೂ ಜೊತೆಗೆ ಹೋದಳು. ಅಲ್ಲಿ ಅವಳಿಗೆ ದಿನ ತುಂಬುತ್ತ ಬಂತು. ಚೊಚ್ಚಲ ಬಾಣಂತನ ತಾಯಿಯದು. ಮಗಳು ಪಕ್ಕದ ಕೊಂಡಜ್ಜಿಯಲ್ಲಿದ್ದರೇನು, ವಿಲಾಯತಿಯಲ್ಲಿದ್ದರೇನು?

ಸೀಗೆಕಾಯಿ ಡಬ್ಬಿ, ಬಾಣಂತಿ ಖಾರ, ಒಂದು ಚೀಲ ಮಂಡಕ್ಕಿ ಕಟ್ಟಿಕೊಂಡೆ. ಎಲ್ಲಕ್ಕಿಂತ ಜೋಪಾನವಾಗಿ ಕಟ್ಟಿದ್ದು ಹಳೇ ಬಟ್ಟೆಯ ಗಂಟನ್ನು. ಹುಟ್ಟಿದ ಕೂಸಿಗೆ ಹೊಸ ಬಟ್ಟೆ ಸೋಕಿಸಬಾರದು. ತೊಟ್ಟಿಲಿಗೆ ಹಾಕುವ ದಿನದವರೆಗೂ ಮನೆಯವರು ಉಟ್ಟು, ಒಗೆದು ಮೆತ್ತಗಾದ ಬಟ್ಟೆಯಲ್ಲೇ ಸುತ್ತಬೇಕು. ನಿಮ್ಮಪ್ಪ, ನಿಮ್ಮತ್ತೆ ಎಲ್ಲರೂ ಹಾಗೆಯೇ ಬೆಳೆದವರು. ಗಂಟಿನಲ್ಲಿ ನನ್ನ ಸೀರೆಗಳಿದ್ದವು, ನಿಮ್ಮ ಅಜ್ಜನ ಎರಡು ಪಂಚೆಗಳಿದ್ದವು. ಆ ಪಂಚೆಗಳನ್ನು ತಮ್ಮ ಮಗ್ಗದಲ್ಲಿ ತಾವೇ ನೇಯ್ದದ್ದೆಂದು ಅವರು ಹೇಳುತ್ತಿದ್ದರು.

ರೈಲು ಹರಿಹರದ ಸೇತುವೆಯ ಮೇಲೆ ಗಡಗಡ ಎನ್ನುವಾಗ ಕೆಳಗೆ ತುಂಗಭದ್ರೆಯನ್ನು ನೋಡಿ ಕೈ ಮುಗಿದೆ. ಹೊಳೆ ದಾಟಿದ ಮೇಲೆ ಗಂಟನ್ನು ಮಡಿಲಿಗೆ ಎಳೆದುಕೊಂಡೆ. ಬೊಂಬಾಯಿ ಬರುವ ತನಕ ಕೆಳಗಿಳಿಸಲಿಲ್ಲ.

ಬೊಂಬಾಯಿಯ ಕಟ್ಟೆ

ನನಗೆ ಜೊತೆಯಾಗಿ ಹುಬ್ಬಳ್ಳಿಯ ಒಬ್ಬ ಜವಳಿ ಶೆಟ್ಟರೂ ಅವರ ಹೆಂಡತಿಯೂ ಇದ್ದರು. ಹಡಗುಕಟ್ಟೆಯಲ್ಲಿ ಸುಂಕದ ಅಧಿಕಾರಿ ನನ್ನ ಗಂಟು ಬಿಚ್ಚಿಸಿದ. ಹರಕು ಸೀರೆಗಳನ್ನು ಕೋಲಿನ ತುದಿಯಿಂದ ಎತ್ತಿ ಎತ್ತಿ ನೋಡಿ, ಪಕ್ಕದವನಿಗೆ ಏನೋ ಹೇಳಿ ನಕ್ಕ. ನಾನು ಸೆರಗಿನಲ್ಲಿ ಮುಖ ಮುಚ್ಚಿಕೊಂಡೆ.

"ಏನಂತಾನ್ರೀ?" ಎಂದು ಶೆಟ್ಟರ ಹೆಂಡತಿ ಕೇಳಿದರು.

"ವಿಲಾಯತಿಯಿಂದ ಅರಿವಿ ಬರೋದು ನೋಡೇನಿ, ಇಲ್ಲಿಂದ ಚಿಂದಿ ಹೋಗೋದು ಇವತ್ತ ನೋಡಿದ್ದು ಅಂತಾನ" ಎಂದು ಶೆಟ್ಟರೂ ನಕ್ಕರು.

ಏಡನ್ನಿನಲ್ಲಿ ಹಡಗು ನಿಂತಾಗ ಶೆಟ್ಟರ ಹೆಂಡತಿ ಒಂದು ನೈಲಾನ್ ಸೀರೆ ಕೊಂಡರು. ಯಾವ ದೇಶದ್ದೋ ನೂಲು, ಯಾವ ದೇಶದಲ್ಲೋ ನೇಯ್ದದ್ದು. ಮಾರಿದವನು ಬರಿಗಾಲಿನ ಅರಬ. "ಒಗದ್ ಕೂಡ್ಲೇ ಒಣಗತೈತಿ, ಹರಿಯೂದ ಇಲ್ಲಂತ ನೋಡ್ರಿ" ಎಂದು ನನ್ನ ಕೈಗೆ ಕೊಟ್ಟರು. ಮುಟ್ಟಿದರೆ ನೀರು ಹಾವಿನ ಮೈಯಂತೆ ಜಾರಿತು. ಹರಿಯದೇ ಹೋದರೆ ಜನ ಮತ್ತೆ ಬಟ್ಟೆ ಯಾಕೆ ಕೊಳ್ಳುತ್ತಾರೆ, ನಮ್ಮ ಬಸವರಾಜನ ಮಿಲ್ಲಿನ ಗತಿಯೇನು ಎಂಬ ಯೋಚನೆ ಹತ್ತಿತು. ಶೆಟ್ಟರಿಗೆ ಹೇಳಿದರೆ ನಗುತ್ತಾರೆಂದು ಸುಮ್ಮನಾದೆ. ಯೋಚನೆ ಮಾತ್ರ ಸುಮ್ಮನಾಗಲಿಲ್ಲ. ಸಮುದ್ರ ಮುಗಿಯುವ ತನಕ ಜೊತೆಗೇ ಬಂತು.

ಹೊಗೆಯಿಲ್ಲದ ಚಿಮಣಿಗಳು

ನಮ್ಮ ದಾವಣಗೆರೆಯನ್ನು ಮೈಸೂರು ಸೀಮೆಯ ಮ್ಯಾಂಚೆಸ್ಟರ್ ಎಂದು ಹೊಗಳುವುದನ್ನು ನೀವೂ ಕೇಳಿದ್ದೀರಿ. ಅಸಲಿ ಮ್ಯಾಂಚೆಸ್ಟರಿನ ಹತ್ತಿರದ ಒಂದು ಸಣ್ಣ ಊರಿನಲ್ಲೇ ಗಿರಿಜಾ ಇದ್ದದ್ದು. ಅದು ಹೇಗಿರಬಹುದೆಂದು ದಾರಿಯುದ್ದಕ್ಕೂ ಕಲ್ಪಿಸಿಕೊಂಡಿದ್ದೆ. ಹೋಗಿ ನೋಡಿದರೆ ಊರ ತುಂಬ ಚಿಮಣಿಗಳು, ಹೊಗೆ ಮಾತ್ರ ಅಲ್ಲೊಂದು ಇಲ್ಲೊಂದರಲ್ಲಿ. ನಮ್ಮಲ್ಲಿ ಮಿಲ್ಲಿನ ಕೂಗು ಕೇಳಿ ಒಲೆ ಹಚ್ಚುತ್ತೇವೆ, ಕೂಗು ಕೇಳಿ ದನ ಬಿಡುತ್ತೇವೆ. ಅಲ್ಲಿ ಕೂಗೇ ಇಲ್ಲ. ಆದರೂ ನಸುಕಿಗೇ ಬೀದಿಯ ಕಿಟಕಿಗಳಲ್ಲಿ ದೀಪ ಹತ್ತುತ್ತಿದ್ದವು. ಎದ್ದು ಹೋಗಲು ಕೆಲಸವಿಲ್ಲದವರು ಅಭ್ಯಾಸಕ್ಕೆ ಎದ್ದು ಕೂರುತ್ತಿದ್ದರು.

ಗಿರಿಜಾಳ ಕೋಣೆ ಒಬ್ಬ ಹೆಂಗಸಿನ ಮನೆಯ ಮಹಡಿಯಲ್ಲಿತ್ತು. ಆಕೆಯ ಹೆಸರು ಎಡ್ನಾ. ನನ್ನ ಬಾಯಲ್ಲಿ ಎಡ್ನಮ್ಮ ಆದಳು. ನನ್ನ ಓರಗೆಯವಳು, ನನ್ನ ಹಾಗೆ ಗಂಡನನ್ನು ಕಳೆದುಕೊಂಡವಳು. ಮೊದಲ ದಿನ ಆಕೆ ನಕ್ಕಾಗ ನಾನು ಆಕೆಯ ಬಾಯನ್ನೇ ನೋಡುತ್ತ ನಿಂತೆ. ಮುಂದಿನ ಹಲ್ಲುಗಳು ಸವೆದು ಕಪ್ಪಾಗಿದ್ದವು, ಥೇಟ್ ನಿಮ್ಮ ಅಜ್ಜನ ಹಲ್ಲುಗಳು. ಮಗ್ಗದಲ್ಲಿ ಅತ್ತಿತ್ತ ಓಡುವ ಲಾಳಿಯ ತೂತಿಗೆ ಬಾಯಿಟ್ಟು ನೂಲನ್ನು ಹೀರಿ ಹೊರಗೆಳೆಯುವವರ ಹಲ್ಲು ಹಾಗಾಗುತ್ತದೆ.

"ಈಕಿ ಮಗ್ಗದಾಕಿ ಏನೇ?" ಎಂದೆ.

"ಹೂಂ ಅವ್ವ. ಹುಡುಗಿ ಇದ್ದಾಗಿಂದ ನೇಯ್ದಾಳೆ. ಮಿಲ್ಲು ಮುಚ್ಚೈತೆ ಈಗ. ಇಂಡಿಯಾದಿಂದ, ಹಾಂಗ್‌ಕಾಂಗಿಂದ ಅಗ್ಗದ ಬಟ್ಟೆ ಬಂದು ಮುಚ್ತು ಅಂತಾರೆ" ಎಂದು ಗಿರಿಜಾ ದನಿ ತಗ್ಗಿಸಿ, "ನೀನು ಮಿಲ್ಲಿನ ಮಾತು ತೆಗೀಬ್ಯಾಡ" ಎಂದಳು.

ಯಾಕೆಂದು ಅಂದು ರಾತ್ರಿ ಊಟದ ಹೊತ್ತಿಗೆ ತಿಳಿಯಿತು. ಅಳಿಯಂದಿರು ಬಿಚ್ಚುತ್ತಿದ್ದದ್ದು ಅದೇ ಮಿಲ್ಲಿನ ಮಗ್ಗಗಳನ್ನು. ಬಿಚ್ಚಿ, ಎಣ್ಣೆ ಹಚ್ಚಿ, ಪೆಟ್ಟಿಗೆಗೆ ತುಂಬಿ ದಾವಣಗೆರೆಗೆ ಕಳಿಸುವುದು ಅವರ ಕೆಲಸ. ಮಗ್ಗಗಳನ್ನೆಲ್ಲ ಗುಜರಿಗೆ ಒಡೆದು ಹಾಕುತ್ತಾರೆಂದು ಊರವರು ನಂಬಿದ್ದರು. ನಿಜ ತಿಳಿದರೆ ಗೇಟಿನ ಮುಂದೆ ಜನ ಸೇರುತ್ತಾರೆ, ಬಾಯಿ ಬಿಡಬೇಡಿ ಎಂದು ಮಿಲ್ಲಿನವರು ತಾಕೀತು ಮಾಡಿದ್ದರು.

"ಆಯಮ್ಮಗೆ ಗೊತ್ತಾದ್ರೆ ನಮ್ಮನ್ನ ಹೊರಗೆ ಹಾಕ್ತಾಳೆ ಅತ್ತೆಯೋರೆ" ಎಂದರು ಅಳಿಯಂದಿರು, ತಟ್ಟೆ ನೋಡುತ್ತ. "ಇಲ್ಲಿ ನಮ್ಮಂಥೋರಿಗೆ ಯಾರೂ ಕೋಣೆ ಕೊಡಂಗಿಲ್ಲ. ಎಷ್ಟು ಬಾಗ್ಲು ತಟ್ಟೀನಿ, ಮುಖ ನೋಡಿ ಮುಚ್ತಾರೆ. ಹೆರಿಗೆ ಒಂದು ಈ ಮನ್ಯಾಗೆ ಆಗಿಬಿಟ್ರೆ ಸಾಕು."

ಆಸ್ಪತ್ರೆಯಲ್ಲಿ ಹಾಸಿಗೆ ಸಿಕ್ಕಿರಲಿಲ್ಲ. ಸೈಕಲ್ ಮೇಲೆ ಬರುವ ಸರ್ಕಾರಿ ಸೂಲಗಿತ್ತಿ ಎಡ್ನಮ್ಮನ ಮನೆಯನ್ನು ನೋಡಿ, ಬಿಸಿನೀರು, ಬೆಂಕಿ ಎಲ್ಲ ಇದೆಯೆಂದು ಒಪ್ಪಿ ಹೋಗಿದ್ದಳು. ಆ ರಾತ್ರಿಯಿಂದ ಎಡ್ನಮ್ಮ ಚಹಾ ಕೊಟ್ಟರೆ ಆಕೆಯ ಮುಖ ನೋಡದೆ ಕುಡಿಯುತ್ತಿದ್ದೆ. ನನಗೆ ಇಂಗ್ಲಿಷು ಬಾರದು, ಬಾಯಿ ತಪ್ಪಿ ಹೇಳುವ ಭಯವಿರಲಿಲ್ಲ. ಆದರೂ ಆಕೆ ಮೆಟ್ಟಿಲು ಹತ್ತಿದ ಸದ್ದಾದರೆ ಸಾಕು, ಬಟ್ಟಲು ಕೆಳಗಿಟ್ಟು, ಮಡಿಸಿದ ಬಟ್ಟೆಯನ್ನೇ ಮತ್ತೆ ಮಡಿಸುತ್ತಿದ್ದೆ.

ಹೊಸ್ತಿಲಿನ ಕಲ್ಲು

ನಾವು ಹೊಸ್ತಿಲು ತೊಳೆದು ಕೆಮ್ಮಣ್ಣು ಬಳಿದು ರಂಗೋಲಿ ಎಳೆಯುವ ಹಾಗೆ, ಎಡ್ನಮ್ಮ ಬೆಳಗ್ಗೆ ಮೊಣಕಾಲೂರಿ ಕೂತು ಬಾಗಿಲ ಮುಂದಿನ ಮೆಟ್ಟಿಲು ತಿಕ್ಕಿ ತೊಳೆದು, ಅಂಚಿಗೆ ಹಳದಿ ಕಲ್ಲಿನಿಂದ ಉಜ್ಜುತ್ತಿದ್ದಳು. ಬೀದಿಯ ಹೆಂಗಸರೆಲ್ಲರೂ ಹಾಗೆಯೇ. ಕೆಲಸ ಹೋದರೂ ಮೆಟ್ಟಿಲು ಮಂಕಾಗುವಂತಿಲ್ಲ. ಒಂದು ದಿನ ನಾನೂ ಪಕ್ಕದಲ್ಲಿ ಕೂತು ನೀರು ಹನಿಸಿ ಕೊಟ್ಟೆ. ಆಕೆ ಏನೋ ಅಂದಳು, ನಾನು ಏನೋ ಅಂದೆ. ಇಬ್ಬರಿಗೂ ಅರ್ಥವಾಗಲಿಲ್ಲ, ಇಬ್ಬರೂ ತಲೆಯಾಡಿಸಿದೆವು. ಸಂಜೆ ಆಕೆಗೆ ಖಾರದ ಮಂಡಕ್ಕಿ ಕಲಸಿ ಕೊಟ್ಟೆ. ಕಣ್ಣಲ್ಲಿ ನೀರು ಸುರಿಸುತ್ತ ತಟ್ಟೆ ಖಾಲಿ ಮಾಡಿ, ಮತ್ತೆ ತಟ್ಟೆ ಚಾಚಿದಳು.

ಹಳೇ ಬಟ್ಟೆ ಕೊಂಡು ಪಾತ್ರೆ ಕೊಡುವವರು ನಮ್ಮ ಕೆ.ಬಿ. ಬಡಾವಣೆಗೂ ಬರುತ್ತಾರಲ್ಲ? ಅಲ್ಲಿ ಕುದುರೆ ಗಾಡಿಯವನೊಬ್ಬ ಹಳೇ ಬಟ್ಟೆಗೆ ಬದಲಾಗಿ ಆ ಹಳದಿ ಕಲ್ಲು ಕೊಡುತ್ತಿದ್ದ. ನನಗದು ತಿಳಿದಿರಲಿಲ್ಲ. ಒಂದು ಮಧ್ಯಾಹ್ನ ಗಂಟನ್ನು ಒಗೆದು ಬಿಸಿಲಿಗೆ ಹಾಕೋಣವೆಂದು ಕೆಳಗಿಳಿಸಿ ಹಿತ್ತಲ ಬಾಗಿಲಲ್ಲಿಟ್ಟು, ಗಿರಿಜಾ ಕರೆದಳೆಂದು ಮೇಲೆ ಹೋದೆ. ಬರುವಷ್ಟರಲ್ಲಿ ಗಂಟಿಲ್ಲ. ಎಡ್ನಮ್ಮ ನಗುತ್ತ ಎರಡು ಹೊಸ ಕಲ್ಲುಗಳನ್ನು ನನ್ನ ಕೈಗಿಟ್ಟಳು. ಒಂದು ನನಗೆ, ಒಂದು ತನಗೆ ಎಂದು ಸನ್ನೆ ಮಾಡಿದಳು.

ನಾನು ಬೀದಿಯ ತುದಿಯವರೆಗೆ ಓಡಿದೆ. ಗಾಡಿ ಎಲ್ಲೂ ಕಾಣಲಿಲ್ಲ. ನಿಮ್ಮ ಅಜ್ಜನ ಪಂಚೆ, ನನ್ನ ಸೀರೆ, ಇಷ್ಟು ಸಮುದ್ರ ದಾಟಿ ಬಂದದ್ದು ಎರಡು ಕಲ್ಲಿಗೆ ಹೋಯಿತು. ಬಚ್ಚಲಲ್ಲಿ ನಿಂತು ಅತ್ತೆ.

"ನಾನು ಈಗ್ಲೇ ಹೋಗಿ ಹೇಳ್ತೀನಿ ಆಯಮ್ಮಗೆ" ಎಂದು ಗಿರಿಜಾ ಎದ್ದಳು.

"ಬ್ಯಾಡ. ಒಳ್ಳೇದು ಮಾಡೀನಿ ಅಂತ ಮಾಡ್ಯಾಳೆ. ಆಕಿ ಅನ್ನ ತಿಂತೀವಿ, ಆಕಿ ಮಗ್ಗ ಕದ್ದು ಒಯ್ತೀವಿ. ಯಾವ ಬಾಯಾಗೆ ಕೇಳ್ತಿ?"

"ಕದ್ದಿಲ್ಲವ್ವ, ಕೊಂಡಾರೆ."

"ಹಂಗಾದ್ರೆ ಯಾಕ ಮುಚ್ಚಿಡ್ತೀರಿ?"

ಗಿರಿಜಾ ಹೊಟ್ಟೆಯ ಮೇಲೆ ಕೈಯಿಟ್ಟು ಮತ್ತೆ ಕೂತಳು.

ಆಯುಧ ಪೂಜೆ

ನವರಾತ್ರಿ ಬಂತು. ಯಂತ್ರದ ಅನ್ನ ತಿನ್ನುವ ಮನೆಯಲ್ಲಿ ಆಯುಧ ಪೂಜೆ ತಪ್ಪಿಸಬಾರದು. ಪೂಜೆ ಕಾಣದ ಯಂತ್ರ ಬೆರಳು ಕೇಳುತ್ತದೆ ಎಂದು ನಿಮ್ಮ ಅಜ್ಜ ಹೇಳುತ್ತಿದ್ದರು. ಅಳಿಯಂದಿರು ಎತ್ತರದಲ್ಲಿ ನಿಂತು ಭಾರದ ಕಬ್ಬಿಣ ಇಳಿಸುವವರು, ಮನೆಯಲ್ಲಿ ದಿನ ತುಂಬಿದ ಬಸುರಿ. ನನಗೆ ನಿದ್ದೆ ಬರಲಿಲ್ಲ. "ಏನಾದ್ರೂ ಒಂದು ತಂದುಕೊಡ್ರಿ" ಎಂದು ಗಿರಿಜಾಳ ಕೈಲಿ ಹೇಳಿಸಿದೆ.

ಅವರು ಚೀಲದಿಂದ ಎರಡು ಸ್ಪಾನರು, ಒಂದು ಸುತ್ತಿಗೆ, ಒಂದಿಷ್ಟು ಲಾಳಿಗಳನ್ನು ತೆಗೆದಿಟ್ಟರು. ಲಾಳಿಗಳಲ್ಲಿ ಒಂದರ ಮರದ ಮೈಮೇಲೆ ಕಾದ ತಂತಿಯಿಂದ ಸುಟ್ಟ ಪುಟ್ಟ ಹೂವಿನ ಗುರುತಿತ್ತು. ಯಾರೋ ಆಗಲೇ ಹೂ ಮುಡಿಸಿಟ್ಟ ಹಾಗಿದೆ, ಶುಭವೇ ಆಯಿತೆಂದು ಅದನ್ನೇ ಆರಿಸಿಕೊಂಡೆ. ಮೇಜಿನ ಮೇಲೆ ಇಟ್ಟು ವಿಭೂತಿ ಹಚ್ಚಿದೆ. ಗಿರಿಜಾ ಕುಂಕುಮ ಇಟ್ಟಳು. ಹೂವಿಗೆ ಏನು ಮಾಡುವುದು? ಎಡ್ನಮ್ಮನ ಹಿತ್ತಲಲ್ಲಿ ಸೇವಂತಿಗೆಯಂಥ ಹೂವಿತ್ತು. ಹಬ್ಬವಿದೆ, ನಾಲ್ಕು ಹೂ ಬೇಕೆಂದು ಗಿರಿಜಾ ಕೇಳಿ ಬಂದಳು.

ಆಕೆ ಹೂವನ್ನು ಕಳಿಸುತ್ತಾಳೆ ಎಂದುಕೊಂಡಿದ್ದೆ. ತಾನೇ ತಂದಳು. ಲೋಟದಲ್ಲಿ ನೀರು ಹಾಕಿ, ಹೂವಿಟ್ಟು, ಹಬ್ಬ ನೋಡುವ ಆಸೆಯಿಂದ ನಗುತ್ತ ಒಳಗೆ ಬಂದು ಮೇಜಿನ ಮೇಲೆ ಇಡಲು ಬಾಗಿದಳು. ಬಾಗಿದವಳು ಹಾಗೆಯೇ ನಿಂತಳು. ಬೆರಳಿನಿಂದ ಕುಂಕುಮ ಸರಿಸಿ ಆ ಸುಟ್ಟ ಹೂವನ್ನು ಮುಟ್ಟಿದಳು. ಆಕೆ ಅಂದದ್ದನ್ನು ಗಿರಿಜಾ ಹೇಳದಿದ್ದರೂ ನನಗೆ ಗೊತ್ತಾಯಿತು. ಅದು ಆಕೆಯ ಲಾಳಿ.

ಅಳಿಯಂದಿರು ತಲೆ ತಗ್ಗಿಸಿ ಎಲ್ಲವನ್ನೂ ಹೇಳಿದರು. ಎಡ್ನಮ್ಮ ಕೂಗಾಡಲಿಲ್ಲ. ಸಣ್ಣ ದನಿಯಲ್ಲಿ ಬಹಳ ಹೊತ್ತು ಮಾತಾಡಿದಳು.

"ಏನಂತಾಳೆ? ಹೇಳು" ಎಂದೆ.

ಗಿರಿಜಾ ನಮ್ಮ ಮಾತಿನಲ್ಲಿ ಹೇಳಿದಳು: "ಒಡೆದು ಹಾಕಿದ್ರೆ ಸತ್ತೋದ್ವು ಅಂದ್ಕೊಂಡು ಸುಮ್ನಿರ್ತಿದ್ದೆ ಅಂತಾಳೆ. ಈಗ ಅವು ಇನ್ನೊಬ್ರ ಮನ್ಯಾಗೆ ಬದುಕ್ತಾವೆ. ಅರ್ಧ ಕೂಲಿಗೂ ಕಡಿಮಿ ಕೊಟ್ಟು ನೇಯಿಸ್ತಾರೆ. ಆ ಬಟ್ಟೆ ತಿರುಗಿ ಇಲ್ಲಿಗೇ ಬರ್ತೈತೆ, ಅಂಗಡ್ಯಾಗೆ ಅಗ್ಗಕ್ಕೆ ಸಿಗ್ತೈತೆ, ಕೆಲ್ಸ ಇಲ್ದ ನಾನು ಅದನ್ನೇ ಕೊಳ್ಬೇಕು. ನನ್ನ ಮನ್ಯಾಗೆ ಉಂಡು ಮಲಗಿ ಇದನ್ನ ಮಾಡಿದ್ರಿ ಅಂತಾಳೆ."

ನನಗೆ ಲೋಕಿಕೆರೆ ನೆನಪಾಯಿತು. ನಮ್ಮ ಪಕ್ಕದ ಮನೆಯ ನೇಕಾರ ಹಂಪಣ್ಣನ ಮಗ್ಗದ ಕುಣಿ, ಅದರಲ್ಲಿ ಕಾಲಿಳಿಬಿಟ್ಟು ಕೂತು ನಾನು ಆಡುತ್ತಿದ್ದದ್ದು, ಹಡಗಿನಲ್ಲಿ ಬಂದ ಮ್ಯಾಂಚೆಸ್ಟರ್ ಬಟ್ಟೆ ಸಂತೆ ತುಂಬಿದ ಮೇಲೆ ಅವನು ಆ ಕುಣಿಗೆ ಮಣ್ಣು ಎಳೆದದ್ದು.

"ಹಂಪಣ್ಣನ ಕತೆ ಹೇಳು ಆಕಿಗೆ" ಎಂದೆ.

"ಅವ್ವ, ಈಗ ಬ್ಯಾಡ! ಇನ್ನೂ ಸಿಟ್ಟು ಬರ್ತೈತೆ."

ಎಡ್ನಮ್ಮ ಲಾಳಿಯನ್ನು ತೆಗೆದುಕೊಂಡು ಬಾಗಿಲಿಗೆ ಹೋದಳು. ತಿರುಗಿ ನಿಂತು ಒಂದೇ ಮಾತು ಹೇಳಿದಳು. ಶನಿವಾರದೊಳಗೆ ಬೇರೆ ಕೋಣೆ ನೋಡಿಕೊಳ್ಳಿ.

ಶುಕ್ರವಾರ

ಅಳಿಯಂದಿರು ದಿನಾ ಸಂಜೆ ಮನೆ ಹುಡುಕಲು ಹೋಗುತ್ತಿದ್ದರು. ಬಂದ ಮೇಲೆ ಏನೂ ಹೇಳುತ್ತಿರಲಿಲ್ಲ, ಬೂಟು ಬಿಚ್ಚುವ ರೀತಿಯಲ್ಲೇ ತಿಳಿಯುತ್ತಿತ್ತು. ಹೊರಗೆ ಮೂಳೆ ಕೊರೆಯುವ ಚಳಿ. ಕೆಳಗೆ ಎಡ್ನಮ್ಮ ಮೆಟ್ಟಿಲು ಉಜ್ಜುವ ಸದ್ದು ಕೇಳುತ್ತಿತ್ತು, ನಾನು ನೀರು ಹನಿಸಲು ಇಳಿಯಲಿಲ್ಲ. ಬಸುರಿಯನ್ನು ಯಾವ ಬೀದಿಯಲ್ಲಿ ಕೂರಿಸಲಿ ಎಂದು ಲಿಂಗಪೂಜೆಯಲ್ಲೂ ಅದೇ ಯೋಚನೆ. ಆ ಗಂಟಾದರೂ ಇದ್ದಿದ್ದರೆ ಎಲ್ಲೋ ಒಂದು ಮೂಲೆಯಲ್ಲಿ ಹಾಸಬಹುದಿತ್ತು ಎನ್ನಿಸುತ್ತಿತ್ತು.

ಶುಕ್ರವಾರ ಅಳಿಯಂದಿರು ಪಕ್ಕದ ಊರಿಗೆ ಹೋಗಿದ್ದರು. ದೀಪ ಹಚ್ಚುವ ಹೊತ್ತಿಗೆ ಗಿರಿಜಾ ಗೋಡೆ ಹಿಡಿದು ನಿಂತಳು. "ಅವ್ವಾ, ನೀರು ಹೋತು" ಎಂದಳು.

ಸೂಲಗಿತ್ತಿಯ ಮನೆ ನನಗೆ ತಿಳಿಯದು. ಭಾಷೆ ತಿಳಿಯದು. ನಾನು ಮೆಟ್ಟಿಲಿಳಿದು ಆ ಮುಚ್ಚಿದ ಬಾಗಿಲ ಮುಂದೆ ನಿಂತೆ. ಜೀವಮಾನದಲ್ಲಿ ಯಾರ ಬಾಗಿಲನ್ನೂ ತಟ್ಟಿ ಕೂಗಿದವಳಲ್ಲ ನಾನು, ಹೊರಗೆ ಕೆಮ್ಮಿ ನಿಲ್ಲುವವಳು. ಅಂದು ಎರಡೂ ಅಂಗೈಯಿಂದ ಬಡಿದೆ. "ಎಡ್ನಮ್ಮಾ! ಎಡ್ನಮ್ಮಾ!"

ಬಾಗಿಲು ತೆರೆಯಿತು. ನಾನು ಮೇಲಕ್ಕೆ ಕೈ ತೋರಿಸಿದೆ, ಹೊಟ್ಟೆ ಮುಟ್ಟಿಕೊಂಡೆ, ಕೈ ಮುಗಿದೆ. ಆಕೆಯ ಮುಖ ಬಿಗಿದೇ ಇತ್ತು. ನನ್ನನ್ನು ದಾಟಿ ನಡೆದಳು. ನಮ್ಮನ್ನು ಬಿಟ್ಟು ಹೋದಳೆಂದೇ ತಿಳಿದೆ. ಗೂಟದಿಂದ ಕೋಟು ಎಳೆದುಕೊಂಡು, ಕೊರಳಿಗೆ ಏನೂ ಸುತ್ತದೆ, ಬೀದಿಯಲ್ಲಿ ಓಡಿದಳು. ಬರುವಾಗ ಸೂಲಗಿತ್ತಿಯ ಸೈಕಲ್ಲಿನ ಹಿಂದೆಯೇ ಏದುಸಿರು ಬಿಡುತ್ತ ಬಂದಳು. ಒಲೆಗೆ ಕಲ್ಲಿದ್ದಲು ಸುರಿದಳು.

ನೀಲಾ, ಹೀಗೆ ನೀನು ಹುಟ್ಟಿದೆ.

ಸೂಲಗಿತ್ತಿ ಹೊಸ ಬಿಳಿ ಟವೆಲು ಬಿಡಿಸಿದಳು. ನಾನು ಅವಳ ಕೈ ಹಿಡಿದುಬಿಟ್ಟೆ. "ಬ್ಯಾಡ, ಹೊಸಾದು ಬ್ಯಾಡ!" ಅವಳು ಬೈದಳು, ನಾನು ಬಿಡಲಿಲ್ಲ. ಗಿರಿಜಾ ಮಲಗಿದಲ್ಲಿಂದಲೇ, ನಮ್ಮಲ್ಲಿ ಕೂಸಿಗೆ ಹಳೇ ಬಟ್ಟೆಯೇ ಆಗಬೇಕೆಂದು ಹೇಳಿದಳು. ಎಡ್ನಮ್ಮ ಏನೋ ಕೇಳಿದಳು. ಗಿರಿಜಾ ನನ್ನ ಮುಖ ನೋಡಿದಳು.

"ನಿಮ್ಮ ಹಳೇ ಬಟ್ಟೆ ಎಲ್ಲಿ, ತಂದಿಲ್ವಾ ಅಂತ ಕೇಳ್ತಾಳವ್ವ. ಏನು ಹೇಳ್ಲಿ?"

ನಾನು ಹೇಳುವ ಮೊದಲೇ ಎಡ್ನಮ್ಮನಿಗೆ ಹೊಳೆಯಿತು. ಬಾಯಿಯ ಮೇಲೆ ಕೈಯಿಟ್ಟುಕೊಂಡಳು. ಧಡಧಡ ಕೆಳಗಿಳಿದು ಹೋಗಿ, ಒಂದು ಹಾಸಿಗೆ ಹೊದಿಕೆ ತಂದಳು. ನೂರಾರು ಸಲ ಒಗೆದು ಹಾಲಿನ ಕೆನೆಯಷ್ಟು ಮೆತ್ತಗಾದದ್ದು. ಮದುವೆಯಾದ ವರ್ಷ ತನ್ನ ಮಗ್ಗದಲ್ಲಿ ತಾನೇ ನೇಯ್ದದ್ದಂತೆ. ನಡುವೆ ಹಲ್ಲು ಹಚ್ಚಿ ಸೀಳಿದಳು. ಅರ್ಧ ತಾನಿಟ್ಟುಕೊಂಡು ಅರ್ಧ ನನಗೆ ಕೊಟ್ಟಳು. ಅದರಲ್ಲೇ ನಿನ್ನನ್ನು ಸುತ್ತಿದೆ.

ಶನಿವಾರ ಯಾರೂ ಮನೆ ಬಿಡುವ ಮಾತೆತ್ತಲಿಲ್ಲ. ಆದರೆ ಆಕೆ ಅಳಿಯಂದಿರ ಜೊತೆ ಮಾತಾಡಲಿಲ್ಲ. ಕೂಸನ್ನು ಎತ್ತಿಕೊಳ್ಳುತ್ತಿದ್ದಳು, ಅವರು ಬಂದರೆ ನನ್ನ ಕೈಗಿತ್ತು ಇಳಿದು ಹೋಗುತ್ತಿದ್ದಳು. ಒಂದು ದಿನ ತಾನಾಗಿಯೇ, ಅಂದು ನಿಮ್ಮಮ್ಮ ಏನು ಹೇಳಲು ಹೊರಟಿದ್ದಳು ಎಂದು ಗಿರಿಜಾಳನ್ನು ಕೇಳಿದಳು. ಗಿರಿಜಾ ಹಂಪಣ್ಣನ ಕತೆ ಹೇಳಿದಳು. ಕುಣಿ ಮುಚ್ಚಿದ್ದು, ಅದರ ಮೇಲೆ ಕೋಳಿ ಗೂಡು ಕಟ್ಟಿದ್ದು, ಅವನು ದಾವಣಗೆರೆಗೆ ಬಂದು ಅರಳೆ ಮಂಡಿಯಲ್ಲಿ ಹಮಾಲಿಯಾಗಿ ಮೂಟೆ ಹೊತ್ತೇ ಸತ್ತದ್ದು.

ಎಡ್ನಮ್ಮ ಬೆಂಕಿ ಕೆದಕುತ್ತ ಕೂತಿದ್ದಳು. "ಆ ಬಟ್ಟೆ ತನ್ನ ಅಜ್ಜಿ ನೇಯ್ದಿದ್ದೇ ಇರ್ಬೇಕು ಅಂತಾಳವ್ವ" ಎಂದಳು ಗಿರಿಜಾ.

ಹೊರಡುವ ದಿನ ಎಡ್ನಮ್ಮ ಲಾಳಿಯನ್ನು ತಂದು ಹಿಂದಕ್ಕೆ ಕೊಟ್ಟಳು. ಅಳಿಯಂದಿರಿಗಲ್ಲ, ನನ್ನ ಕೈಗೆ. ಜೊತೆಗೆ ಒಂದು ಮಾತು. ಮಗ್ಗದ ಚೌಕಟ್ಟಿಗೂ ಇದೇ ಹೂವಿನ ಗುರುತಿದೆ, ಅದು ಯಾರ ಕೈಗೆ ಬರುತ್ತದೋ ಅವರಿಗೆ ಹೇಳು. ತೇವದ ದಿನ ಲಾಳಿ ಎಡಕ್ಕೆ ಹಾರಿ ಬರುತ್ತದೆ. ಆ ಕಡೆ ನಿಲ್ಲಬಾರದು. ಕಣ್ಣು ಹೋಗುತ್ತದೆ.

ಮತ್ತೆ ದಾವಣಗೆರೆ

ಮಗ್ಗಗಳು ನನಗಿಂತ ಮೊದಲೇ ಬಂದಿದ್ದವು. ಬಸವರಾಜ ನನ್ನನ್ನು ಮಿಲ್ಲಿಗೆ ಕರೆದುಕೊಂಡು ಹೋದ. ಅಲ್ಲಿಯವರೆಗೆ ನಾನು ಗೇಟಿನಲ್ಲೇ ಬುತ್ತಿ ಕೊಟ್ಟು ಬರುತ್ತಿದ್ದವಳು. ಒಳಗೆ ಗಂಡಸರು, ಕಿವಿ ಕಿತ್ತು ಹೋಗುವ ಸದ್ದು. ಹೂವಿನ ಗುರುತಿನ ಮಗ್ಗ ಹನುಮಂತಪ್ಪ ಎಂಬವನ ಪಾಲಿಗೆ ಬಂದಿತ್ತು. ಮೊದಲು ಅವನಿಗೆ ಎರಡು ಮಗ್ಗ, ಈಗ ನಾಲ್ಕು. ಹೀಗೆ ಹೆಚ್ಚಾಗಿ ಉಳಿದವರ ಹೆಸರನ್ನು ಬೆಳಗ್ಗೆ ಗೇಟಿನಲ್ಲಿ ಕೆಲಸಕ್ಕೆ ಕರೆಯುವುದು ನಿಲ್ಲಿಸಿದ್ದರು. ಬಸವರಾಜನ ಹೆಸರನ್ನು ಇನ್ನೂ ಕರೆಯುತ್ತಿದ್ದರು. ದಿನಾ ಬೆಳಗ್ಗೆ ಅವನು ಮನೆಯಿಂದ ಹೊರಟ ಮೇಲೆ ಒಂದು ಗಳಿಗೆ ನಾನು ಬಾಗಿಲಲ್ಲೇ ನಿಲ್ಲುತ್ತಿದ್ದೆ, ತಿರುಗಿ ಬಂದಾನೇನೋ ಎಂದು.

ಹನುಮಂತಪ್ಪನ ಕೈಗೆ ಲಾಳಿ ಕೊಟ್ಟು ಎಡ್ನಮ್ಮನ ಮಾತು ಹೇಳಿದೆ. ಸದ್ದಿನಲ್ಲಿ ಕೂಗಿಯೇ ಹೇಳಬೇಕಾಯಿತು.

"ನಮ್ಮ ದಾವಣಗೇರ್ಯಾಗೆ ತೇವ ಎಲ್ಲೈತೆ ಅಮ್ಮಾರೆ?" ಎಂದು ಅವನು ನಕ್ಕ. ಹಾಗೆಯೇ ಒಂದು ಹೆಜ್ಜೆ ಬಲಕ್ಕೆ ಸರಿದು ನಿಂತ. ಆಮೇಲೆ ಹಿಡಿ ಎಳೆದು ಮಗ್ಗ ನಿಲ್ಲಿಸಿದ. "ಆಯಮ್ಮ ಈಗ ಏನು ಮಾಡ್ತಾಳ್ರಿ?"

"ಗೊತ್ತಿಲ್ಲಪ್ಪ."

ಅವನು ಕಬ್ಬಿಣದ ಮೇಲೆ ಕೈಯಾಡಿಸಿದ. "ನಮ್ಮನ್ನ ಬಿಟ್ಟ ಮ್ಯಾಲೆ ಇವು ಎಲ್ಲಿಗೆ ಹೋಗ್ತಾವೋ!"

ಇವತ್ತಿಗೂ ಮಿಲ್ಲಿನ ಕೂಗು ಒಂದು ಗಳಿಗೆ ತಡವಾದರೆ ನನ್ನ ಕೈ ಒಲೆಯ ಮುಂದೆ ನಿಂತುಬಿಡುತ್ತದೆ.

ನೀಲಾ, ನಿಮ್ಮೂರು ಇದೇ. ಹುಡುಗರಾ, ಇನ್ನು ಅವಳನ್ನು ಹೋಗು ಎನ್ನಬೇಡಿ. ಎಂದಾದರೊಂದು ದಿನ ದೂರದವರು ಯಾರೋ ಈ ಮಗ್ಗಗಳ ಬೋಲ್ಟು ಬಿಚ್ಚಲು ಇಲ್ಲಿಗೂ ಬಂದಾರು. ಬಸುರಿ ಹೆಂಡತಿಯನ್ನು ಕರೆದುಕೊಂಡು ನಮ್ಮ ಬಾಗಿಲನ್ನೇ ತಟ್ಟಿಯಾರು. ಆ ಹೊತ್ತಿಗೆ ನಾನಿರುವುದಿಲ್ಲ. ಮಹಡಿಯ ಕೋಣೆ ಇದೆ. ಎಡ್ನಮ್ಮನ ಅರ್ಧ ಹೊದಿಕೆ ನನ್ನ ಪೆಟ್ಟಿಗೆಯ ತಳದಲ್ಲಿದೆ, ಒಗೆದು ಮಡಿಸಿಟ್ಟಿದ್ದೇನೆ.